ಹೆದರಬೇಡಿ, ತಾನೇ ಮುಂದೆ ಹೋಗುತ್ತದೆ

“ಹತ್ತು ಹೆಜ್ಜೆ!” ಬಟನ್ ಮ್ಯಾನೇಜರ ಮೇಜು ಕುಟ್ಟಿದ. “ಇವರ ಮೇಜಿನಿಂದ ಕಪಾಟಿಗೆ ಹತ್ತೇ ಹತ್ತು ಹೆಜ್ಜೆ. ಅಷ್ಟರಲ್ಲಿ ಮುನ್ನೂರ ಹದಿನಾಲ್ಕು ಡಿಸ್ಕ್ ಮಾಯ. ಆ ಹತ್ತು ಹೆಜ್ಜೆ ನಡೆಯೋರು ಯಾರು? ಇವರೊಬ್ರೇ. ಇನ್ನೇನು ಪತ್ತೆ ಮಾಡ್ಬೇಕು ಮೇಡಂ ನೀವು?”

ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಪೊಲೀಸರನ್ನು ಬರಹೇಳಿದ್ದ ಆತ.

ಎದುರಿಗೆ ದೀಪದಕ್ಕ ಕೂತಿದ್ದಳು. ಅಂಚೆಯಲ್ಲಿ ವಾಪಸ್ ಬಂದ ಸಿನಿಮಾ ಡಿಸ್ಕ್‌ಗಳನ್ನು ಮೇಜುದೀಪದ ಕೆಳಗೆ ಓರೆಯಾಗಿ ಹಿಡಿದು ಗೀರು ಹುಡುಕುವುದು ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ಆ ಬೆಳಿಗ್ಗೆ ಕಾವಲುಗಾರ ಅವಳ ಕೈಚೀಲದಿಂದ ಹೊರಗೆಳೆದ ನಲವತ್ತು ಅಂಚೆಚೀಟಿಗಳು ಮೇಜಿನ ಮೇಲೆ ಹರಡಿದ್ದವು. ಒಂಬತ್ತು ದಿನದಿಂದ ನಾನು ಹುಡುಕುತ್ತಿದ್ದ ಕಳ್ಳಿ ಇವಳೇ ಎಂದು ಇಡೀ ಕಟ್ಟಡ ನಂಬಿಬಿಟ್ಟಿತ್ತು.

ನಾನು ನಂಬಿರಲಿಲ್ಲ. ಅವಳ ಮುಖ ನೋಡಿ ಅಲ್ಲ. ಒಳ್ಳೆಯ ಮುಖದ ಕಳ್ಳರನ್ನು ಬೇಕಾದಷ್ಟು ಕಂಡಿದ್ದೇನೆ. ಒಂದು ಸಂಗತಿ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

“ನಿಮ್ಮ ದೂರಿನ ಪೆಟ್ಟಿಗೆ ತೆಗೆದು ನೋಡಿದೀರಾ?” ಎಂದೆ.

“ಏನಿದೆ ಅದರಲ್ಲಿ?”

“ಏನೂ ಇಲ್ಲ. ಅದೇ ನನ್ನ ತಲೆನೋವು. ಕಾಣೆಯಾಗಿರೋವು ಎಲ್ಲ ಹಳೇ ಸಿನಿಮಾಗಳು, ಬೇರೆಲ್ಲೂ ಸಿಗದವು. ಅದಕ್ಕೆ ಕಾದು ಕೂತಿರೋ ಸದಸ್ಯರು ನೂರಾರು ಜನ. ಡಿಸ್ಕ್ ಕಳುವಾಗಿದ್ರೆ ಇಷ್ಟು ಹೊತ್ತಿಗೆ ನಿಮ್ಮ ಫೋನು ಸುಟ್ಟುಹೋಗ್ಬೇಕಿತ್ತು. ಮೂರು ತಿಂಗಳಲ್ಲಿ ಒಬ್ಬರೂ ಯಾಕೆ ಬಾಯಿ ಬಿಟ್ಟಿಲ್ಲ?”

“ಜನ ಡಿಸ್ಕನ್ನ ಮರೆತಿದ್ದಾರೆ ಮೇಡಂ, ಅದಕ್ಕೇ. ಒಂದು ಬಟನ್ ಒತ್ತಿದ್ರೆ ಮನೆ ತೆರೆ ಮೇಲೆ ಸಿನಿಮಾ ಬರೋ ಕಾಲದಲ್ಲಿ ಲಕೋಟೆ ಕಾಯೋರು ಯಾರು?”

ಈ ಬಟನ್ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಆಡುತ್ತಾನೆಂದೇ ಕೆಲಸದವರು ಅವನಿಗೆ ಆ ಹೆಸರಿಟ್ಟಿದ್ದರು. ಕಂಪನಿ ಒಂದೇ, ಅಂಗಡಿ ಎರಡು. ಕೆಳಗಿನ ಮಹಡಿಯಲ್ಲಿ ಡಿಸ್ಕ್: ಸದಸ್ಯರು ಬೇಕಾದ ಸಿನಿಮಾಗಳ ಪಟ್ಟಿ ಕೊಡುತ್ತಾರೆ, ಒಂದೊಂದಾಗಿ ಲಕೋಟೆಯಲ್ಲಿ ಹೋಗುತ್ತದೆ, ನೋಡಿ ಅದೇ ಲಕೋಟೆಯಲ್ಲಿ ಹಿಂದಿರುಗಿಸುತ್ತಾರೆ. ಮೇಲಿನ ಮಹಡಿಯಲ್ಲಿ ಆನ್‌ಲೈನ್: ತಿಂಗಳ ಚಂದಾ ಕಟ್ಟಿದರೆ ಇದ್ದದ್ದೆಲ್ಲ ನೋಡಬಹುದು. ಮೇಲಿನದು ಬಟನ್ ಮ್ಯಾನೇಜರನ ರಾಜ್ಯ. ಕಳ್ಳತನವೊಂದು ಸಾಬೀತಾದರೆ ಕೆಳಗಿನದಕ್ಕೆ ಬೀಗ ಜಡಿಸಿ, ಇಪ್ಪತ್ತೆರಡು ಮಂದಿಯನ್ನು ಮನೆಗೆ ಕಳಿಸುವ ಕಾಗದ ಅವನ ಕಿಸೆಯಲ್ಲಿ ಸಿದ್ಧವಾಗಿತ್ತು.

ಕಿಟಕಿ ಬಳಿ ಕೂತಿದ್ದ ದೊಡ್ಡವರು ಕನ್ನಡಕ ಒರೆಸಿಕೊಂಡರು. ಕಂಪನಿ ಕಟ್ಟಿದವರು ಅವರು. ಡಿಸ್ಕ್ ಎಂದರೆ ಪ್ರಾಣ ಬಿಡುವ ಮನುಷ್ಯ. ನನ್ನನ್ನು ಈ ಕೆಲಸಕ್ಕೆ ಕರೆತಂದವರೂ ಅವರೇ. “ಇರ್ಲಿ, ಅವರು ಹೇಳೋದನ್ನ ಪೂರ್ತಿ ಕೇಳೋಣ,” ಎಂದರು ಮೆಲ್ಲಗೆ.

ನಾನು ಚೀಲದಿಂದ ಒಂದು ಕಾಗದದ ಚೀಟಿ ತೆಗೆದೆ.

ಬೆಳಿಗ್ಗೆ ಅಮ್ಮನ ಮನೆಗೆ ಹೋಗಿದ್ದೆ. ಅಮ್ಮನೂ ಇಲ್ಲಿಯ ಸದಸ್ಯೆ. ಒಂಬತ್ತು ದಿನದಿಂದ ಅವಳದು ಒಂದೇ ಕುಟುಕು: “ಊರಿನ ಡಿಸ್ಕೆಲ್ಲ ಹುಡುಕ್ತಾಳಂತೆ, ಹೆತ್ತವಳದು ಬಂತಾ ಅಂತ ಕೇಳೋಕೆ ನಾಲಿಗೆ ಇಲ್ಲ.” ಅವಳು ಕಾಯುತ್ತಿದ್ದದ್ದು ಗಾಜಿನ ಕಾರ್ಖಾನೆಯ ಮೇಲೆ ಯಾರೋ ಹಿಂದೆ ತೆಗೆದ ಸಾಕ್ಷ್ಯಚಿತ್ರಕ್ಕೆ. ಅಪ್ಪ ಅಲ್ಲಿ ಕುಲುಮೆ ಕೆಲಸ ಮಾಡುತ್ತಿದ್ದರು. ನನಗೆ ಒಂಬತ್ತು ವರ್ಷವಾದಾಗ ಕುಲುಮೆಯ ಮೇಲಿನ ಮಾಡು ಕುಸಿಯಿತು. ಅಪ್ಪ ಮನೆಗೆ ಬರಲಿಲ್ಲ. ಆಕಸ್ಮಿಕ ಅಂದರು. ಅಮ್ಮ ಇಂದಿಗೂ ಆ ಮಾತಿಗೆ ತಲೆ ಆಡಿಸಿಲ್ಲ. ಆ ಚಿತ್ರದಲ್ಲಿ ಅಪ್ಪ ಒಂದು ಗಳಿಗೆ ಕಾಣಿಸುತ್ತಾರೆಂದು ಯಾರೋ ಹೇಳಿದ್ದೇ ಸಾಕಾಗಿತ್ತು ಅವಳಿಗೆ.

ಹೋದರೆ, ಲಕೋಟೆ ಬಂದು ಮೇಜಿನ ಮೇಲೆ ಕೂತಿದೆ! ಅಮ್ಮನ ಮುಖ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. “ಊಟ, ನಿದ್ದೆ ಮುಗಿಸಿ ನಾಲ್ಕು ಗಂಟೆಗೆ ಹಾಕ್ತೀನಿ. ಸುಮ್ನೆ ಅವಸರ ಮಾಡ್ಬೇಡ,” ಎಂದಳು.

ಹತ್ತೊಂಬತ್ತು ವರ್ಷ ದೀಪದಕ್ಕ ಡಿಸ್ಕ್ ನೋಡಿದ್ದರೆ, ಪತ್ತೇದಾರಿಕೆಗೆ ಇಳಿಯುವ ಮುನ್ನ ಹದಿನಾರು ವರ್ಷ ನಾನು ಅಂಚೆ ಕಚೇರಿಯಲ್ಲಿ ವಿಳಾಸ ತಪ್ಪಿದ ಕಾಗದಗಳನ್ನು ನೋಡಿದವಳು. ಲಕೋಟೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಕಂಪನಿಯ ಲಕೋಟೆಗಳಿಗೆ ಅಚ್ಚಾದ ವಿಳಾಸ, ಅಂಚೆವೆಚ್ಚ ಮುಂಗಡ ಕಟ್ಟಿದ ಮುದ್ರೆ. ಇದಕ್ಕೆ ಕೈಯಲ್ಲಿ ಬರೆದ ವಿಳಾಸ, ಎಂಜಲು ಹಚ್ಚಿ ಅಂಟಿಸಿದ ಅಂಚೆಚೀಟಿ. ಒಳಗಿನ ಕಾಗದದ ಚೀಲಕ್ಕೆ ಒಂದು ಚೀಟಿ ಸಿಕ್ಕಿಸಿತ್ತು. ಪೆನ್ಸಿಲಿನ ಅಕ್ಷರ.

ಅದನ್ನೇ ಈಗ ಎಲ್ಲರಿಗೂ ಕೇಳುವಂತೆ ಓದಿದೆ: “ಗೀರು ಇಲ್ಲ. ಐವತ್ತನೇ ನಿಮಿಷದಲ್ಲಿ ಒಂದು ಸಲ ನಿಲ್ಲುತ್ತದೆ. ಹೆದರಬೇಡಿ, ತಾನೇ ಮುಂದೆ ಹೋಗುತ್ತದೆ.”

ದೀಪದಕ್ಕನ ಕೈ ಕೈಚೀಲದ ಮೇಲೆ ಬಿಗಿಯಾಯಿತು.

“ಕದ್ದ ಮಾಲಿನ ಜೊತೆ ಇಂಥ ಚೀಟಿ ಇಟ್ಟು ಕಳಿಸೋ ಕಳ್ಳರನ್ನ ನಾನು ನೋಡಿಲ್ಲ,” ಎಂದೆ. “ದೀಪದಕ್ಕ, ಬಾಯಿ ಬಿಡಿ. ನಾಲ್ಕಾಗ್ತಾ ಬಂತು.”

ಅವಳು ನೆಲ ನೋಡಿದಳು.

ನನಗೆ ರೇಗಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಮುಚ್ಚುಮರೆಯೇನಿಲ್ಲ. “ಏನ್ರೀ, ನಿಮ್ಮ ಪರವಾಗಿ ನಾನು ಗಂಟಲು ಹರ್ಕೊಳ್ಳೋದು, ನೀವು ಮೂಗಬಸವಿ ಹಾಗೆ ಕೂತಿರೋದಾ? ಜೈಲಿಗೆ ಹೋಗೋ ಆಸೆ ಇದ್ರೆ ಹೇಳಿ, ನಾನೇ ಬಿಟ್ಟು ಬರ್ತೀನಿ!”

“ಹೇಳಿದ್ರೆ ವಾಪಸ್ ತರಿಸ್ತಾರೆ!” ಎಂದಳು ಥಟ್ಟನೆ. ಒಂಬತ್ತು ದಿನದಲ್ಲಿ ಅವಳ ದನಿ ಏರಿದ್ದು ಅದೇ ಮೊದಲು. “ಎಲ್ಲಾನೂ ವಾಪಸ್ ತರಿಸಿ ಪುಡಿ ಮಾಡ್ತಾರೆ. ನನ್ನ ಜೈಲಿಗೆ ಹಾಕ್ಲಿ, ಪರವಾಗಿಲ್ಲ. ಅವು ಒಳ್ಳೇ ಡಿಸ್ಕು ಮೇಡಂ. ನಾನೇ ಒರೆಸಿದ್ದೀನಿ, ಒಂದೊಂದನ್ನೂ.”

“ಪುಡಿ ಮಾಡೋದು ಯಾರು?”

“ಇನ್ಯಾರು, ಯಂತ್ರ.”

ಬಟನ್ ಮ್ಯಾನೇಜರ ನಕ್ಕ. ನಾನು ಎದ್ದೆ. “ಬನ್ನಿ ಎಲ್ಲರೂ. ಆ ಯಂತ್ರವನ್ನೇ ಕೇಳೋಣ.”

ಕೆಳಗಿನ ಮಹಡಿಯಲ್ಲಿ ಇಪ್ಪತ್ತೆರಡು ಮಂದಿ ಕೆಲಸ ಬಿಟ್ಟು ನಿಂತರು. ದೀಪದಕ್ಕ ತನ್ನ ಮೇಜಿಗೆ ಹೋಗಿ, ಆ ದಿನ ವಾಪಸ್ ಬಂದ ಲಕೋಟೆಗಳ ರಾಶಿಯಿಂದ ಒಂದನ್ನು ಆರಿಸಿದಳು. ಡಿಸ್ಕ್ ಹೊರತೆಗೆದು ದೀಪಕ್ಕೆ ಹಿಡಿದಳು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದಳು. ಸುತ್ತ ತಿರುಗಿಸಿ ಒರೆಸಿದರೆ ಗೀರು ಬೀಳುತ್ತದಂತೆ. ಕನ್ನಡಿಯ ಹಾಗಿತ್ತು ಡಿಸ್ಕ್. ಅದರ ಗುರುತಿನ ಗೆರೆಗಳನ್ನು ಸ್ಕ್ಯಾನರಿಗೆ ತೋರಿಸಿದಳು.

ಕೀಕ್ ಎಂದಿತು. ಕೆಂಪು ದೀಪ.

“ಹಸಿರು ಬಂದ್ರೆ ಕಪಾಟು. ಕೆಂಪು ಬಂದ್ರೆ ಪುಡಿ ಪೆಟ್ಟಿಗೆ. ಕೇಳ್ಬಾರದು, ಯೋಚಿಸ್ಬಾರದು, ಹಾಕ್ಬೇಕು ಅಷ್ಟೆ. ಗೋಡೆ ಮೇಲೆ ಬರೆದು ಅಂಟಿಸಿದ್ದಾರೆ ನೋಡಿ,” ಎಂದಳು. “ಮೊದಲ ದಿನ ಎರಡು ಬಂತು. ಹಾಕ್ದೆ. ಕಣ್ಣಾರೆ ನೋಡಿ ಚೆನ್ನಾಗಿದೆ ಅಂತ ಗೊತ್ತಿದ್ದೂ ಹಾಕ್ದೆ. ಆಮೇಲೆ ಊಟ ಸೇರ್ಲಿಲ್ಲ. ಅವತ್ತಿಂದ ಕೆಂಪು ಬಂದಿದ್ದನ್ನೆಲ್ಲ ಇಟ್ಕೊಂಡೆ. ಯಾರ್ಯಾರು ಕಾಯ್ತಿದ್ದಾರೆ ಅನ್ನೋ ಹಳೇ ಪಟ್ಟಿ ನನ್ನ ಹತ್ರ ಇತ್ತು. ನನ್ನ ದುಡ್ಡಲ್ಲಿ ಅಂಚೆಚೀಟಿ ತಂದು ಕಳಿಸ್ದೆ. ಅವರು ನೋಡಿ ಇಲ್ಲಿಗೇ ಕಳಿಸ್ತಾರೆ, ನಾನು ಮುಂದಿನೋರಿಗೆ ಕಳಿಸ್ತೀನಿ.”

ದೂರು ಯಾಕೆ ಬಂದಿಲ್ಲ ಎಂದು ಈಗ ಎಲ್ಲರಿಗೂ ತಿಳಿಯಿತು. ಡಿಸ್ಕ್‌ಗಳು ಕಳೆದುಹೋಗಿರಲೇ ಇಲ್ಲ. ಊರ ತುಂಬ ತಿರುಗಾಡಿಕೊಂಡು ಆರಾಮಾಗಿದ್ದವು.

“ಕೆಂಪು ಯಾಕೆ ಬಂತು?” ಎಂದು ಪಟ್ಟಿ ಗುಮಾಸ್ತನನ್ನು ಕೇಳಿದೆ. ನೆಗಡಿಯಿಂದ ಮೂಗು ಕೆಂಪಾಗಿದ್ದ ಆ ಮನುಷ್ಯ ಕಂಪ್ಯೂಟರ್ ನೋಡಿ, ಸೀನಿ, ಮತ್ತೆ ನೋಡಿದ.

“ಈ ಸಿನಿಮಾ ಪಟ್ಟಿಯಲ್ಲೇ ಇಲ್ಲ ಮೇಡಂ. ತೆಗೆದಿದ್ದಾರೆ. ಹೆಸರಿಲ್ಲದ್ದನ್ನ ಯಂತ್ರ ಎಲ್ಲಿಗೂ ಬರ್ಕೊಳ್ಳಲ್ಲ. ಕಪಾಟಿಗೂ ಇಲ್ಲ, ಪೆಟ್ಟಿಗೆಗೂ ಇಲ್ಲ.”

“ತೆಗೆದಿದ್ದು ಯಾರು?”

ಬಟನ್ ಮ್ಯಾನೇಜರ ಕೆಮ್ಮಿದ. “ಅದು... ಆ ಸಿನಿಮಾದ ಆನ್‌ಲೈನ್ ಹಕ್ಕಿನ ಅವಧಿ ಮುಗೀತು. ಮುಗಿದ ಮೇಲೆ ನಾವು ತೋರ್ಸೋ ಹಾಗಿಲ್ಲ. ಪಟ್ಟಿಯಿಂದ ತೆಗೀಬೇಕು. ಅದು ನಿಯಮ.”

“ಯಾವ ಪಟ್ಟಿಯಿಂದ?”

“ಪಟ್ಟಿಯಿಂದ. ಇರೋದೇ ಒಂದು. ಎರಡು ಪಟ್ಟಿ ಯಾಕೆ ದಂಡ ಅಂತ ಮೂರು ತಿಂಗಳ ಹಿಂದೆ, ಐದನೇ ತಾರೀಕು, ಡಿಸ್ಕಿಂದೂ ಆನ್‌ಲೈನಿಂದೂ ಸೇರಿಸಿ ಒಂದೇ...”

ತಾನೇ ಆಡಿದ ಮಾತು ಅವನಿಗೆ ಆಗ ಕೇಳಿಸಿತು. ಮುಖದ ಬಣ್ಣ ಇಳಿಯಿತು.

ನಾನು ಬಿಡಲಿಲ್ಲ. “ಆನ್‌ಲೈನಲ್ಲಿ ಸಿನಿಮಾ ನಿಮಗೆ ಬಾಡಿಗೆಗೆ ಬಂದದ್ದು ಸ್ವಾಮೀ, ಅವಧಿ ಮುಗಿದ್ರೆ ಬಿಡ್ಬೇಕು, ಒಪ್ತೀನಿ. ಡಿಸ್ಕ್ ನೀವು ಕಾಸು ಕೊಟ್ಟು ಕೊಂಡದ್ದು! ಮುರಿಯೋವರೆಗೂ ನಿಮ್ಮದೇ. ಬಾಡಿಗೆ ಮನೆ ಖಾಲಿ ಮಾಡಿ ಅಂದ್ರೆ ಸ್ವಂತ ಮನೆಗೂ ಬೆಂಕಿ ಹಚ್ಚಿ ಹೋಗ್ತಾರಾ ಯಾರಾದ್ರೂ? ಎತ್ತು ಈಯಿತು ಅಂತ ಯಂತ್ರ ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂತ ನೀವು! ಇಡೀ ಕಟ್ಟಡದಲ್ಲಿ ಕಣ್ಣು ಬಿಟ್ಟು ಡಿಸ್ಕ್ ನೋಡಿದ್ದು ಈ ಹೆಂಗಸು ಒಬ್ಬಳೇ. ಅವಳಿಗೆ ಪೊಲೀಸು!”

ಯಾರೋ ಹಿಂದಿನಿಂದ ಚಪ್ಪಾಳೆ ಹೊಡೆದರು. ಆಮೇಲೆ ಇಪ್ಪತ್ತೆರಡು ಮಂದಿಯೂ.

ದೀಪದಕ್ಕ ಕುರ್ಚಿಯಲ್ಲಿ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ನಕ್ಕಳು. “ಹಾಗಾದ್ರೆ ಪುಡಿ ಮಾಡಲ್ವಾ?”

“ಒಂದನ್ನೂ ಮಾಡಲ್ಲಮ್ಮ,” ಎಂದರು ದೊಡ್ಡವರು. ಅವರ ಕಣ್ಣೂ ಒದ್ದೆಯಾಗಿತ್ತು. “ಎಲ್ಲೆಲ್ಲಿವೆ, ಬರೆದಿಟ್ಟಿದ್ದೀಯಾ?”

ಅವಳು ಒರೆಸುವ ಬಟ್ಟೆಗಳ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟಳು. ತಾರೀಕು, ಸಿನಿಮಾ, ಯಾರ ಮನೆ, ಬಂತೇ ಇಲ್ಲವೇ. ಮುನ್ನೂರ ಹನ್ನೆರಡೂ ಇದ್ದವು. ಪುಡಿಯಾದ ಎರಡಕ್ಕೆ ಕಾಟು ಹೊಡೆದು ಪಕ್ಕದಲ್ಲಿ ‘ಕ್ಷಮಿಸಿ’ ಎಂದು ಬರೆದಿದ್ದಳು, ಯಾರಿಗೆಂದು ದೇವರಿಗೇ ಗೊತ್ತು. ಕೊನೆಯ ಸಾಲು ಓದಿ ನನಗೆ ನಗು ಬಂತು.

“ಗಾಜಿನ ಕಾರ್ಖಾನೆ ಚಿತ್ರ, ನಮ್ಮಮ್ಮನ ಮನೆ! ಇವತ್ತು ಅಲ್ಲೇ ಮೇಜಿನ ಮೇಲೆ ಕೂತಿದೆ, ನಾಲ್ಕು ಗಂಟೆ ಆಗೋದನ್ನ ಕಾಯ್ತಾ.”

“ಗಾಜಿನ ಕಾರ್ಖಾನೆಯಾ?” ಎಂದರು ದೊಡ್ಡವರು, ಕನ್ನಡಕ ಮತ್ತೆ ಒರೆಸುತ್ತ. “ಹಾಗೊಂದು ಇತ್ತಾ ಈ ಊರಲ್ಲಿ? ನಾನು ಬರೋ ಹೊತ್ತಿಗೆ ಮುಚ್ಚಿರ್ಬೇಕು, ನೋಡಿಯೇ ಇಲ್ಲ.” ನನ್ನ ಎರಡೂ ಕೈ ಹಿಡಿದು, “ದೊಡ್ಡ ಹೊರೆ ಇಳಿಸಿದ್ರಿ ನೀವು. ಮನೆಗೆ ಹೋಗಿ ಸ್ವಲ್ಪ ಅಡ್ಡಾಗ್ತೀನಿ,” ಎಂದು ಹೊರಟರು. ಮೂರೂ ಮುಕ್ಕಾಲು ಆಗಿತ್ತು.

ನಾಲ್ಕಕ್ಕೆ ಸರಿಯಾಗಿ ಪೊಲೀಸರು ಬಂದರು. ಬಟನ್ ಮ್ಯಾನೇಜರ ಬಾಗಿಲಲ್ಲೇ ಕೈ ಮುಗಿದು, ತಪ್ಪು ತಿಳುವಳಿಕೆ, ಯಂತ್ರದ ದೋಷ ಎಂದೇನೇನೋ ತೊದಲಿದ. ಇನ್‌ಸ್ಪೆಕ್ಟರು ಟೀ ಕುಡಿದು, “ಯಂತ್ರಾನ ಕರ್ಕೊಂಡು ಹೋಗ್ಬೇಕಾ?” ಎಂದು ಕೇಳಿ ಹೋದರು. ಅವರನ್ನು ಕಳಿಸಿ ಬಂದ ಮ್ಯಾನೇಜರ ಮೇಲಿನಿಂದ ನಲವತ್ತು ಅಂಚೆಚೀಟಿಗಳನ್ನು ತಂದು ದೀಪದಕ್ಕನ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿ ಇಟ್ಟ. ಕಿಸೆಯ ಕಾಗದವನ್ನೂ ಹರಿದ.

“ಸಾಕು ಬಿಡಿ ಸಾರ್,” ಎಂದಳು ದೀಪದಕ್ಕ. “ಒಂದು ಟೀ ಕುಡೀರಿ. ಬಟನ್ ಒತ್ತೋದು ಬೇಡ, ನಾನೇ ತಂದ್ಕೊಡ್ತೀನಿ.”

ಇಡೀ ಕೋಣೆ ನಕ್ಕಿತು. ಅವನೂ ನಕ್ಕ. ಒಂಬತ್ತು ದಿನದ ನಂತರ ನಾನೂ ಕಾಲು ಚಾಚಿ ಕೂತೆ. ಕೇಸು ಮುಗಿದಿತ್ತು. ಕಳ್ಳರೇ ಇಲ್ಲದ ಕಳ್ಳತನ. ನನ್ನ ಜೀವಮಾನದಲ್ಲಿ ಇಷ್ಟು ಸುಖವಾಗಿ ಮುಗಿದ ಕೇಸು ಇನ್ನೊಂದಿಲ್ಲ.

ಕೈ ಸುಮ್ಮನಿರುವುದಿಲ್ಲ ಎಂದೆನಲ್ಲ. ನೋಟ್‌ಬುಕ್ಕನ್ನು ಮೊದಲಿಂದ ತಿರುವಿದೆ.

ಮೊದಲ ಕೆಂಪು, ಆರನೇ ತಾರೀಕು. ಪುಡಿಯಾದ ಎರಡೂ ಡಿಸ್ಕ್ ಒಂದೇ ಚಿತ್ರದವು. ಗಾಜಿನ ಕಾರ್ಖಾನೆ.

“ಆ ಚಿತ್ರದ ಹಕ್ಕು ಯಾವಾಗ ಮುಗೀತು?” ಎಂದೆ.

ಬಟನ್ ಮ್ಯಾನೇಜರ ಲೋಟ ಕೆಳಗಿಟ್ಟ. “ಅದು ಆನ್‌ಲೈನಲ್ಲಿ ಯಾವತ್ತೂ ಇರ್ಲೇ ಇಲ್ವಲ್ಲ ಮೇಡಂ. ಹಕ್ಕೇ ಇಲ್ಲದ ಮೇಲೆ ಮುಗಿಯೋದೇನು ಬಂತು? ನಾನು ಮೊದಲನೇ ಸಿನಿಮಾ ತೆಗೆದಿದ್ದೇ ಹದಿಮೂರನೇ ತಾರೀಕು.”

“ಹಾಗಾದ್ರೆ ಐದನೇ ತಾರೀಕು ಪಟ್ಟಿ ಸೇರಿಸಿದ ಮಾರನೇ ದಿನವೇ ಇದನ್ನ ತೆಗೆದೋರು ಯಾರು?”

ಗುಮಾಸ್ತ ಮೂಗು ಒರೆಸಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿದ. “ತೆಗೆಯೋರ ಕೀಲಿ ನಂಬರ್ ಇರುತ್ತೆ ಮೇಡಂ. ಉಳಿದದ್ದೆಲ್ಲ ಎರಡನೇ ಕೀಲಿ, ಅದು ಇವರದು. ಇದೊಂದು ಮಾತ್ರ...” ಸೀನು ಬಂದು ಬಾರದೆ ನಿಂತಿತು. “ಇದೊಂದು ಮಾತ್ರ ಒಂದನೇ ಕೀಲಿ.”

ಬಟನ್ ಮ್ಯಾನೇಜರನೂ ದೀಪದಕ್ಕನೂ ಒಟ್ಟಿಗೆ ದೊಡ್ಡವರು ಆಗಲೇ ಹೊರಟುಹೋಗಿದ್ದ ಬಾಗಿಲಿನತ್ತ ತಿರುಗಿದರು.

ಕಂಪನಿಯ ಹತ್ತಿರ ಇದ್ದದ್ದು ಆ ಚಿತ್ರದ ಮೂರೇ ಡಿಸ್ಕ್. ಎರಡು ಪುಡಿಯಾಗಿದ್ದವು. ಇಷ್ಟು ದೊಡ್ಡ ಊರಿನಲ್ಲಿ ಅವರು ನನ್ನನ್ನೇ ಏಕೆ ಹುಡುಕಿಕೊಂಡು ಬಂದರೆಂದು ಆಗ ಹೊಳೆಯಿತು. ಮೂರನೆಯದಕ್ಕಾಗಿ ಕಾಯುತ್ತಿದ್ದ ಸದಸ್ಯರ ಪಟ್ಟಿಯಲ್ಲಿ ನಮ್ಮಮ್ಮನ ಹೆಸರಿತ್ತು; ಡಿಸ್ಕ್ ಆ ಮನೆಗೆ ಬಂದರೆ ಸುದ್ದಿ ಮೊದಲು ಸಿಗುವುದು ನನಗೇ.

ಫೋನು ಒತ್ತಿದೆ. ಅಮ್ಮ ಮೂರನೇ ರಿಂಗಿಗೆ ಎತ್ತಿದಳು. ಹಿಂದೆ ಸಿನಿಮಾದ ಸದ್ದು.

“ಅಮ್ಮಾ, ಆ ಡಿಸ್ಕನ್ನ ಯಾರು ಬಂದು ಕೇಳಿದ್ರೂ ಕೊಡ್ಬೇಡ.”

“ನಿನ್ನ ಬುದ್ಧಿವಾದ ಬೇಕಿತ್ತಾ ನನಗೆ? ನಿಮ್ಮ ಕಂಪನಿ ದೊಡ್ಡವರು ನಾಲ್ಕು ಗಂಟೆಗೇ ಬಂದ್ರು. ತಪ್ಪಿ ಬಂದಿದೆ, ವಾಪಸ್ ಕೊಡಿ ಅಂದ್ರು. ನೋಡದೆ ಕೊಡಲ್ಲ, ಬೇಕಾದ್ರೆ ಕೂತ್ಕೊಂಡು ಜೊತೆಗೆ ನೋಡಿ ಅಂದೆ. ಪಾಪ, ಕೂತಿದ್ದಾರೆ. ಕಾಲು ಗಂಟೆಯಿಂದ ಓಡಿಸಿ ಓಡಿಸಿ ಅಂತ ಒಂದೇ ವರಾತ.”

“ಓಡಿಸ್ಬೇಡಮ್ಮ. ನಾನು ಬರ್ತಾ ಇದ್ದೀನಿ.”

“ಓಡಿಸೋದೇನು, ಈಗ ಅದೇ ನಿಂತುಬಿಡ್ತು ನೋಡು. ಕುಲುಮೆ ಮುಂದೆ ಇಬ್ಬರು, ಮುಖ ಕಾಣಿಸ್ತಿಲ್ಲ, ಚೌಕ ಚೌಕ ಆಗಿದೆ.” ಅಮ್ಮ ಫೋನಿನಿಂದ ಬಾಯಿ ಸರಿಸಿ ಯಾರಿಗೋ ಹೇಳಿದಳು: “ಅಯ್ಯೋ, ಆರಿಸ್ಬೇಡಿ ಸ್ವಾಮಿ! ಕೆಟ್ಟಿಲ್ಲ. ಚೀಟಿಯಲ್ಲಿ ಬರೆದಿದ್ರು, ಐವತ್ತನೇ ನಿಮಿಷದಲ್ಲಿ ನಿಲ್ಲುತ್ತೆ, ಹೆದರಬೇಡಿ, ತಾನೇ ಮುಂದೆ ಹೋಗುತ್ತೆ ಅಂತ.”

ನಾನು ಹೊರಬಾಗಿಲ ಮೆಟ್ಟಿಲಿಳಿಯುತ್ತಿದ್ದೆ. ಹಿಂದಿನಿಂದ ಬಟನ್ ಮ್ಯಾನೇಜರ ಕಾರಿನ ಕೀಲಿ ಹಿಡಿದು ಓಡಿ ಬರುತ್ತಿದ್ದ.

“ಹಾಂ, ಹೋಯ್ತು ನೋಡು ಮುಂದೆ,” ಎಂದಳು ಅಮ್ಮ. ಆಮೇಲೆ ಅವಳ ದನಿ ಮೆತ್ತಗಾಯಿತು. “ಅಪ್ಪ ಕಣೇ. ನಿಮ್ಮಪ್ಪ. ಮಾಡು ತೋರಿಸಿ ಏನೋ ಹೇಳ್ತಿದ್ದಾರೆ, ಬಿರುಕು ಬಿಟ್ಟಿದೆ ಅಂತ. ಪಕ್ಕದಲ್ಲಿರೋನು ಬೇಡ, ಕೆಲಸ ನಿಲ್ಲಿಸ್ಬೇಡ ಅಂತ ಕೈ ಆಡಿಸ್ತಿದ್ದಾನೆ. ಕಡ್ಡಿ ಹಾಗಿದ್ದಾನೆ, ತಲೆ ತುಂಬ ಕೂದಲು, ಕನ್ನಡಕ ತೆಗೆದು ಒರೆಸ್ತಿದ್ದಾನೆ...”

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

“ಏನ್ ಸ್ವಾಮಿ,” ಎಂದಳು ಅಮ್ಮ, ನನಗಲ್ಲ. “ಇದು ನೀವೇ ಅಲ್ವಾ?”